ಗಣಕದ ಆಟಗಳು: ಸೇವ್ ಕಡತಗಳನ್ನು ಕ್ಲೌಡ್ ಮೂಲಕ ಸಾಗಿಸುವ ವಿಧಾನ

ನಮ್ಮ ಓದುಗರ ಮನೆಗಳಲ್ಲಿ ಒಂದೇ ಗಣಕವಿದ್ದ ಕಾಲ ಬಹುಮಟ್ಟಿಗೆ ಕಳೆದಿದೆ. ಡೊಂಬಿವಲಿಯ ಮನೆಯಲ್ಲೊಂದು ಡೆಸ್ಕ್‌ಟಾಪ್, ಸುರತ್ಕಲ್ಲಿನ ಹಾಸ್ಟೆಲಿನಲ್ಲಿ ಓದುವ ಮಗನ ಬಳಿ ಒಂದು ಲ್ಯಾಪ್‌ಟಾಪ್ ಎಂಬಂತಹ ಏರ್ಪಾಡು ಈಗ ಸಾಮಾನ್ಯ. ಪಾಠದ ಟಿಪ್ಪಣಿಗಳೂ ಭಾವಚಿತ್ರಗಳೂ ಎರಡೂ ಕಡೆ ದೊರೆಯುವಂತೆ ನೋಡಿಕೊಳ್ಳುವವರು ಆಟಗಳ ವಿಷಯದಲ್ಲಿ ಮಾತ್ರ ಅಷ್ಟು ಎಚ್ಚರ ವಹಿಸುವುದಿಲ್ಲ. ಇನ್ನೂರು ಗಂಟೆ ಕುಳಿತು ಕಟ್ಟಿದ ಊರೊಂದು ತಪ್ಪು ಗುಂಡಿ ಒತ್ತಿದ ಕಾರಣ ಇಲ್ಲವಾದಾಗ ಮಕ್ಕಳಿಗೆ ಆಗುವ ದುಃಖ ಚಿಕ್ಕದಲ್ಲ. ಆಡುವ ಹಿರಿಯರಿಗೂ ಅಷ್ಟೇ. ಸೇವ್ ಕಡತ ಎಂದರೇನು, ಅದು ಗಣಕದಲ್ಲಿ ಎಲ್ಲಿರುತ್ತದೆ, ಅದನ್ನು ಅಂತರಜಾಲದ ಮೂಲಕ ಮತ್ತೊಂದು ಗಣಕಕ್ಕೆ ಹೇಗೆ ಒಯ್ಯಬಹುದು, ಹಾಗೆ ಒಯ್ಯುವಾಗಲೇ ಅದು ಹೇಗೆ ನಾಶವಾಗಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇವೆ.

ಆಟವನ್ನು ಅರ್ಧಕ್ಕೆ ನಿಲ್ಲಿಸಿ ಮರುದಿನ ಅಲ್ಲಿಂದಲೇ ಮುಂದುವರಿಸುವ ಸೌಕರ್ಯ ಆರಂಭದ ಆಟಗಳಲ್ಲಿ ಅಪರೂಪವಾಗಿತ್ತು. ಜಪಾನಿನಲ್ಲಿ 1986ರಲ್ಲಿ ಬಂದ ಡ್ರ್ಯಾಗನ್ ಕ್ವೆಸ್ಟ್ ಆಟವು ನಿಲ್ಲಿಸುವಾಗ ಒಂದು ಉದ್ದನೆಯ ಗುಪ್ತಪದವನ್ನು ತೋರಿಸುತ್ತಿತ್ತು. ಆಟಗಾರನು ಅದನ್ನು ಕಾಗದದಲ್ಲಿ ಬರೆದಿಟ್ಟುಕೊಂಡು ಮುಂದಿನ ಸಲ ಅಕ್ಷರ ತಪ್ಪದೆ ತುಂಬಬೇಕಿತ್ತು. ಅದೇ ವರ್ಷದ ದಿ ಲೆಜೆಂಡ್ ಆಫ್ ಜೆಲ್ಡಾ ಆಟವು ಜಪಾನಿನಲ್ಲಿ ಡಿಸ್ಕ್ ಮೇಲೆ ಸ್ಥಿತಿಯನ್ನು ಉಳಿಸಿತು. 1987ರಲ್ಲಿ ಅಮೆರಿಕಕ್ಕೆ ಬಂದಾಗ ಕ್ಯಾಸೆಟ್ಟಿನೊಳಗೆ ಪುಟ್ಟ ಬ್ಯಾಟರಿಯೊಂದನ್ನು ಇರಿಸಿ ಆ ಕೆಲಸ ಮಾಡಲಾಯಿತು. 1994ರಲ್ಲಿ ಬಂದ ಸೋನಿಯ ಪ್ಲೇಸ್ಟೇಷನ್‌ಗೆ 128 ಕಿಲೋಬೈಟ್‌ಗಳ ಮೆಮೊರಿ ಕಾರ್ಡ್ ಇತ್ತು. ಅದರಲ್ಲಿ ಹದಿನೈದು ಖಾನೆಗಳು. ಜೇಬಿನಲ್ಲಿಟ್ಟುಕೊಂಡು ಗೆಳೆಯನ ಮನೆಗೆ ಒಯ್ಯಬಹುದಿತ್ತು. ಒಂದು ಯಂತ್ರದ ಆಟವನ್ನು ಮತ್ತೊಂದು ಯಂತ್ರದಲ್ಲಿ ಮುಂದುವರಿಸುವ ಆಸೆ ಹೊಸದಲ್ಲ ಎಂಬುದಕ್ಕಾಗಿ ಇಷ್ಟನ್ನು ಹೇಳಿದೆವು. ಕಾಗದದ ಚೀಟಿಗೂ ಮೆಮೊರಿ ಕಾರ್ಡಿಗೂ ಇದ್ದ ಒಂದು ಗುಣವನ್ನು ಮಾತ್ರ ಇಲ್ಲಿ ನೆನಪಿನಲ್ಲಿಡಬೇಕು: ಯಜಮಾನನು ತಾನಾಗಿ ಅಳಿಸುವವರೆಗೆ ಅವು ಬದಲಾಗುತ್ತಿರಲಿಲ್ಲ. ಕ್ಲೌಡ್ ಸಂಗ್ರಹದ ಸ್ವಭಾವ ಬೇರೆ.

ಗಣಕದ ಆಟಗಳಿಗೆ ಈ ಸೌಕರ್ಯವನ್ನು ವ್ಯಾಪಕವಾಗಿ ಒದಗಿಸಿದ್ದು ವಾಲ್ವ್ ಸಂಸ್ಥೆಯ ಸ್ಟೀಮ್ ಮಳಿಗೆ. 2003ರಲ್ಲಿ ಆರಂಭವಾದ ಸ್ಟೀಮ್, 2008ರಲ್ಲಿ ‘ಸ್ಟೀಮ್ ಕ್ಲೌಡ್’ ಎಂಬ ವ್ಯವಸ್ಥೆಯನ್ನು ಪ್ರಕಟಿಸಿತು. ಆ ವರ್ಷದ ನವೆಂಬರಿನಲ್ಲಿ ಬಂದ ಲೆಫ್ಟ್ 4 ಡೆಡ್ ಆಟದೊಂದಿಗೆ ಅದು ಬಳಕೆಗೆ ಬಂತು. ಅದರ ಕಾರ್ಯವಿಧಾನ ಸರಳ. ಆಟವನ್ನು ಮುಚ್ಚಿದೊಡನೆ ಬದಲಾದ ಸೇವ್ ಕಡತಗಳನ್ನು ಸ್ಟೀಮ್ ತನ್ನ ಸರ್ವರಿಗೆ ಏರಿಸುತ್ತದೆ. ಮತ್ತೊಂದು ಗಣಕದಲ್ಲಿ ಅದೇ ಖಾತೆಯಿಂದ ಅದೇ ಆಟವನ್ನು ತೆರೆದಾಗ, ಆಟ ಆರಂಭವಾಗುವ ಮುನ್ನ ಆ ಕಡತಗಳನ್ನು ಇಳಿಸಿಕೊಳ್ಳುತ್ತದೆ. ಯಾವ ಕಡತಗಳು ಹೋಗಬೇಕು, ಎಷ್ಟು ಜಾಗ ಬೇಕು ಎಂಬುದನ್ನು ಆಯಾ ಆಟದ ತಯಾರಕರು ನಿಗದಿಪಡಿಸುತ್ತಾರೆ. ಆದ್ದರಿಂದ ಎಲ್ಲ ಆಟಗಳಿಗೂ ಈ ಸೌಲಭ್ಯವಿಲ್ಲ. ಮಳಿಗೆಯಲ್ಲಿ ಆಟದ ಪುಟದ ಬದಿಯಲ್ಲಿ ‘ಸ್ಟೀಮ್ ಕ್ಲೌಡ್’ ಎಂದು ಬರೆದಿದೆಯೇ ಎಂದು ಕೊಳ್ಳುವ ಮೊದಲೇ ನೋಡುವುದೊಳ್ಳೆಯದು. ಜಿಒಜಿ ಮಳಿಗೆಯ ಗ್ಯಾಲಕ್ಸಿ ತಂತ್ರಾಂಶಕ್ಕೆ 2017ರಲ್ಲಿ, ಎಪಿಕ್ ಮಳಿಗೆಗೆ 2019ರಲ್ಲಿ ಇಂಥದೇ ವ್ಯವಸ್ಥೆ ಬಂತು. ಆದರೆ ಒಂದು ಮಳಿಗೆಯ ಕ್ಲೌಡ್ ಇನ್ನೊಂದರೊಡನೆ ಮಾತನಾಡುವುದಿಲ್ಲ. ಮನೆಯಲ್ಲಿ ಸ್ಟೀಮ್ ಪ್ರತಿ, ಹಾಸ್ಟೆಲಿನಲ್ಲಿ ಎಪಿಕ್ ಪ್ರತಿ ಇದ್ದರೆ ಸೇವ್ ಕಡತ ತಾನಾಗಿ ದಾಟುವುದಿಲ್ಲ.

ವ್ಯಾಲರಂಟ್, ಡೋಟಾ 2 ಮೊದಲಾದ ಆನ್‌ಲೈನ್ ಆಟಗಳ ಪ್ರಗತಿಯೆಲ್ಲ ತಯಾರಕರ ಸರ್ವರಿನಲ್ಲೇ ಇರುವುದರಿಂದ ಅವುಗಳ ಚಿಂತೆ ಇಲ್ಲಿ ಬೇಕಿಲ್ಲ.

ಮನೆಗಳಲ್ಲಿ ಹೆಚ್ಚು ನಷ್ಟಕ್ಕೆ ಕಾರಣವಾಗುವುದು ಸ್ಟೀಮಿನ ದೋಷವಲ್ಲ, ಅದು ಕೇಳುವ ಒಂದು ಪ್ರಶ್ನೆಗೆ ನಾವು ಅವಸರದಲ್ಲಿ ಕೊಡುವ ಉತ್ತರ. ಲ್ಯಾಪ್‌ಟಾಪಿನಲ್ಲಿ ಜಾಲಸಂಪರ್ಕವಿಲ್ಲದೆ ರೈಲಿನಲ್ಲಿ ಆಡಿ, ಮನೆಗೆ ಬಂದು ಡೆಸ್ಕ್‌ಟಾಪಿನಲ್ಲಿ ಹಿಂದಿನ ಸ್ಥಿತಿಯಿಂದಲೇ ಆಡಿದರೆಂದುಕೊಳ್ಳಿ. ಈಗ ಒಂದೇ ಆಟಕ್ಕೆ ಎರಡು ಇತಿಹಾಸಗಳಾದವು. ಮುಂದಿನ ಸಲ ಲ್ಯಾಪ್‌ಟಾಪಿನಲ್ಲಿ ಆಟ ತೆರೆದಾಗ ಸ್ಟೀಮ್ ಒಂದು ಕಿಟಕಿಯನ್ನು ತೋರಿಸಿ, ಕ್ಲೌಡಿನಲ್ಲಿರುವುದನ್ನು ಉಳಿಸಲೇ, ಈ ಗಣಕದಲ್ಲಿರುವುದನ್ನು ಉಳಿಸಲೇ ಎಂದು ಕೇಳುತ್ತದೆ. ಎರಡನ್ನೂ ಬೆರೆಸುವ ಶಕ್ತಿ ಅದಕ್ಕಿಲ್ಲ. ನೀವು ಆರಿಸದಿರುವುದು ಅಳಿಯುತ್ತದೆ. ಆ ಕಿಟಕಿಯಲ್ಲಿ ಎರಡೂ ಪ್ರತಿಗಳ ದಿನಾಂಕ ಮತ್ತು ವೇಳೆ ಇರುತ್ತವೆ. ಅವನ್ನು ಓದದೆ ಯಾವುದನ್ನೂ ಒತ್ತಕೂಡದು. ಹಳೆಯ ಡೆಸ್ಕ್‌ಟಾಪಿನ ಮದರ್‌ಬೋರ್ಡ್ ಬ್ಯಾಟರಿ ಸತ್ತು ಗಡಿಯಾರ ಹಿಂದೆ ಬಿದ್ದಿದ್ದರೆ ಆ ವೇಳೆಯೂ ಸುಳ್ಳಾಗಿರಬಹುದು. ಇನ್ನೊಂದು ಮಾತು: ಹೊಸದಾದ ಪ್ರತಿಯೇ ಬೇಕಾದ ಪ್ರತಿ ಎಂದೇನೂ ಇಲ್ಲ. ತಂಗಿ ಹತ್ತು ನಿಮಿಷ ಆಡಿ ಹೊಸ ಆಟ ಆರಂಭಿಸಿದ್ದರೆ, ಅಣ್ಣನ ಮೂರು ತಿಂಗಳ ಶ್ರಮಕ್ಕಿಂತ ಅದೇ ‘ಹೊಸದು’. ಸಂದೇಹವಿದ್ದಲ್ಲಿ ಆ ಕಿಟಕಿಯನ್ನು ಹಾಗೆಯೇ ರದ್ದುಪಡಿಸಿ, ಆ ಗಣಕದ ಸೇವ್ ಫೋಲ್ಡರನ್ನು ಬೇರೆಡೆಗೆ ನಕಲು ಮಾಡಿಟ್ಟು, ಆಮೇಲೆ ನಿರ್ಧರಿಸಬೇಕು. ಕ್ಲೌಡಿನಲ್ಲಿರುವ ಪ್ರತಿಯನ್ನು ಸ್ಟೀಮ್ ಜಾಲತಾಣದ ಖಾತೆಯ ಪುಟಗಳಿಂದಲೂ ಇಳಿಸಿಕೊಳ್ಳಬಹುದೆಂಬುದು ಅನೇಕರಿಗೆ ತಿಳಿಯದ ಸಂಗತಿ.

ಅಣ್ಣ ತಂಗಿಯರ ಪ್ರಸಂಗಕ್ಕೆ ಸರಿಯಾದ ಪರಿಹಾರ ಪ್ರತ್ಯೇಕ ಖಾತೆ. 2024ರಲ್ಲಿ ಜಾರಿಗೆ ಬಂದ ‘ಸ್ಟೀಮ್ ಫ್ಯಾಮಿಲೀಸ್’ ವ್ಯವಸ್ಥೆಯಲ್ಲಿ ಆರು ಮಂದಿಯವರೆಗೆ ಒಂದೇ ಕುಟುಂಬವಾಗಿ ಆಟಗಳನ್ನು ಹಂಚಿಕೊಳ್ಳಬಹುದು. ಸೇವ್ ಕಡತಗಳು ಮಾತ್ರ ಪ್ರತಿಯೊಬ್ಬರಿಗೂ ಬೇರೆ ಬೇರೆ. ಒಂದೇ ಖಾತೆಯನ್ನು ಇಡೀ ಮನೆ ಬಳಸುವ ಪದ್ಧತಿಯನ್ನು ಕೈಬಿಡುವಂತೆ ನಾವು ಸೂಚಿಸುತ್ತೇವೆ.

ಇನ್ನು ಸ್ವಂತ ಕ್ಲೌಡ್ ಇಲ್ಲದ ಆಟಗಳು. ಇವುಗಳ ಸೇವ್ ಕಡತ ಎಲ್ಲಿದೆಯೆಂದು ಕಂಡುಹಿಡಿಯುವುದೇ ಅರ್ಧ ಕೆಲಸ. ವಿಂಡೋಸಿನಲ್ಲಿ ಇದಕ್ಕೆ ಒಂದು ಶಿಸ್ತೇ ಬೆಳೆಯಲಿಲ್ಲ. ಕೆಲವು ಆಟಗಳು ‘ಡಾಕ್ಯುಮೆಂಟ್ಸ್’ ಒಳಗಿನ ‘ಮೈ ಗೇಮ್ಸ್’ ಫೋಲ್ಡರಿನಲ್ಲಿ ಬರೆಯುತ್ತವೆ. ವಿಂಡೋಸ್ ವಿಸ್ತಾದೊಂದಿಗೆ ‘ಸೇವ್ಡ್ ಗೇಮ್ಸ್’ ಎಂಬ ಫೋಲ್ಡರನ್ನೇ ಕೊಟ್ಟರೂ ಬಳಸಿದವರು ಕಡಿಮೆ. ಬಹಳಷ್ಟು ಆಟಗಳು ‘ಆ್ಯಪ್‌ಡೇಟಾ’ ಎಂಬ ಮರೆಯಾಗಿರುವ ಫೋಲ್ಡರಿನೊಳಗೆ ಅಡಗಿಸಿಡುತ್ತವೆ. ವಿಂಡೋಸ್ ಕೀಲಿಯನ್ನೂ ಆರ್ ಅಕ್ಷರವನ್ನೂ ಒಟ್ಟಿಗೆ ಒತ್ತಿ, ತೆರೆದ ಪೆಟ್ಟಿಗೆಯಲ್ಲಿ ಎರಡು ಶೇಕಡಾ ಚಿಹ್ನೆಗಳ ನಡುವೆ ‘ಆ್ಯಪ್‌ಡೇಟಾ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಅದರೊಳಗಿನ ‘ರೋಮಿಂಗ್’ ಫೋಲ್ಡರ್ ತೆರೆಯುತ್ತದೆ. ಮೈನ್‌ಕ್ರಾಫ್ಟ್ ಜಾವಾ ಆವೃತ್ತಿಯ ಲೋಕಗಳೂ ಸ್ಟಾರ್‌ಡ್ಯೂ ವ್ಯಾಲಿಯ ಹೊಲಗಳೂ ಅಲ್ಲಿಯೇ ಇವೆ. ಯಾವ ಆಟದ ಕಡತ ಎಲ್ಲಿ ಎಂಬುದನ್ನು ಪಿಸಿಗೇಮಿಂಗ್‌ವಿಕಿ ಎಂಬ ಜಾಲತಾಣವು 2012ರಿಂದ ಆಟವಾರು ದಾಖಲಿಸುತ್ತ ಬಂದಿದೆ. ಮೊದಲು ಅಲ್ಲಿ ಹುಡುಕುವುದು ಸುಲಭದ ಮಾರ್ಗ.

ಜಾಗ ತಿಳಿದ ಮೇಲೆ ಡ್ರಾಪ್‌ಬಾಕ್ಸ್, ಗೂಗಲ್ ಡ್ರೈವ್, ಒನ್‌ಡ್ರೈವ್‌ಗಳಲ್ಲಿ ಯಾವುದನ್ನಾದರೂ ಬಳಸಬಹುದು. ಉಚಿತವಾಗಿ ಡ್ರಾಪ್‌ಬಾಕ್ಸ್ 2 ಗಿಗಾಬೈಟ್, ಒನ್‌ಡ್ರೈವ್ 5 ಗಿಗಾಬೈಟ್ ಕೊಡುತ್ತವೆ. ಹೆಚ್ಚಿನ ಸೇವ್ ಕಡತಗಳು ಕೆಲವೇ ಮೆಗಾಬೈಟ್‌ಗಳಾದುದರಿಂದ ಇಷ್ಟು ಧಾರಾಳ. ಡ್ರಾಪ್‌ಬಾಕ್ಸಿನ ಉಚಿತ ಖಾತೆಗೆ 2019ರಿಂದ ಮೂರು ಸಾಧನಗಳ ಮಿತಿಯಿದೆ. ಅಪ್ಪನ ಫೋನೂ ಲೆಕ್ಕಕ್ಕೆ ಸೇರುತ್ತದೆ.

ಇಲ್ಲಿರುವ ತೊಡಕೆಂದರೆ, ಆಟ ಬರೆಯುವುದು ಒಂದು ಫೋಲ್ಡರಿನಲ್ಲಿ, ಕ್ಲೌಡ್ ತಂತ್ರಾಂಶ ಕಾಯುವುದು ಮತ್ತೊಂದು ಫೋಲ್ಡರನ್ನು. ಇವೆರಡನ್ನು ಜೋಡಿಸಲು ವಿಂಡೋಸಿನಲ್ಲಿ ‘ಎಂಕೆಲಿಂಕ್’ ಎಂಬ ಆದೇಶವಿದೆ. ಸೇವ್ ಫೋಲ್ಡರನ್ನು ಕ್ಲೌಡ್ ಫೋಲ್ಡರಿನೊಳಗೆ ಸ್ಥಳಾಂತರಿಸಿ, ಹಳೆಯ ಜಾಗದಲ್ಲಿ ಅದೇ ಹೆಸರಿನ ಕೊಂಡಿಯೊಂದನ್ನು ನಿರ್ಮಿಸುವುದು ಇದರ ತಿರುಳು. ಖಾಲಿ ಮಾಡಿದ ಮನೆಯ ಬಾಗಿಲಿಗೆ ಹೊಸ ವಿಳಾಸದ ಚೀಟಿ ಅಂಟಿಸಿದ ಹಾಗೆ. ಆಟವು ಹಳೆಯ ಬಾಗಿಲಿಗೇ ಬಂದು, ತನಗೆ ತಿಳಿಯದಂತೆಯೇ ಹೊಸ ಮನೆಗೆ ಹೋಗುತ್ತದೆ. ಇದನ್ನು ಎರಡೂ ಗಣಕಗಳಲ್ಲಿ ಮಾಡಬೇಕು. ಕೆಲವು ಹಳೆಯ ಸಲಹೆಗಳಲ್ಲಿ ಇದರ ತಲೆಕೆಳಗಾದ ಕ್ರಮ, ಎಂದರೆ ನಿಜವಾದ ಫೋಲ್ಡರನ್ನು ಇದ್ದಲ್ಲೇ ಬಿಟ್ಟು ಡ್ರಾಪ್‌ಬಾಕ್ಸಿನೊಳಗೆ ಕೊಂಡಿಯಿಡುವ ಕ್ರಮ, ಕಾಣಸಿಗುತ್ತದೆ. ತನ್ನ ಫೋಲ್ಡರಿನ ಹೊರಗೆ ಕೈ ತೋರುವ ಕೊಂಡಿಗಳನ್ನು ಅನುಸರಿಸುವುದನ್ನು ಡ್ರಾಪ್‌ಬಾಕ್ಸ್ 2019ರಲ್ಲಿ ನಿಲ್ಲಿಸಿತು. ಆದ್ದರಿಂದ ನಿಜವಾದ ಕಡತ ಕ್ಲೌಡ್ ಫೋಲ್ಡರಿನಲ್ಲೇ ಇರಬೇಕು.

ಒನ್‌ಡ್ರೈವ್ ಬಳಸುವವರಲ್ಲಿ ಅನೇಕರ ‘ಡಾಕ್ಯುಮೆಂಟ್ಸ್’ ಫೋಲ್ಡರ್ ಆಗಲೇ ಕ್ಲೌಡಿಗೆ ಸೇರಿರುತ್ತದೆ. ಅಲ್ಲಿ ಬರೆಯುವ ಆಟಗಳಿಗೆ ಕೊಂಡಿಯ ಅಗತ್ಯವಿಲ್ಲ. ಆದರೆ ಒನ್‌ಡ್ರೈವ್ ಜಾಗ ಉಳಿಸಲು ಕೆಲವು ಕಡತಗಳ ಹೆಸರನ್ನಷ್ಟೇ ಗಣಕದಲ್ಲಿ ಬಿಟ್ಟು ಒಡಲನ್ನು ಸರ್ವರಿನಲ್ಲಿಡುವುದುಂಟು. ಜಾಲಸಂಪರ್ಕವಿಲ್ಲದ ದಿನ ಆಟಕ್ಕೆ ಆ ಕಡತ ಸಿಗುವುದಿಲ್ಲ. ಸೇವ್ ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ ‘ಯಾವಾಗಲೂ ಈ ಸಾಧನದಲ್ಲಿ ಇರಿಸು’ ಎಂಬ ಆಯ್ಕೆಯನ್ನು ಮಾಡಿಡಬೇಕು.

ಮೈನ್‌ಕ್ರಾಫ್ಟ್ ಜಾವಾ ಆವೃತ್ತಿಯನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ, ಏಕೆಂದರೆ ಮಕ್ಕಳಿರುವ ಮನೆಗಳಲ್ಲಿ ಅದರ ಪ್ರಚಾರ ಹೆಚ್ಚು ಮತ್ತು ಒಂಟಿಯಾಗಿ ಆಡುವ ಲೋಕಗಳಿಗೆ ಅದರಲ್ಲಿ ಕ್ಲೌಡ್ ಇಲ್ಲ. ಇದರ ಒಂದು ಲೋಕವೆಂದರೆ ಒಂದು ಕಡತವಲ್ಲ, ಹಲವು ಕಡತಗಳ ಒಂದು ಫೋಲ್ಡರು. ಆಡುತ್ತಿರುವಷ್ಟು ಹೊತ್ತೂ ಆಟವು ಅವುಗಳನ್ನು ತಿದ್ದುತ್ತಲೇ ಇರುತ್ತದೆ. ಕೊಂಡಿಯ ವಿಧಾನದಲ್ಲಿ ಕ್ಲೌಡ್ ತಂತ್ರಾಂಶವು ಅರ್ಧ ಹೊಸ, ಅರ್ಧ ಹಳೆಯ ಕಡತಗಳನ್ನು ಏರಿಸಿಬಿಟ್ಟರೆ ಇನ್ನೊಂದು ಗಣಕದಲ್ಲಿ ತೆರೆಯುವ ಲೋಕದಲ್ಲಿ ಮನೆಯ ಒಂದು ಪಾರ್ಶ್ವ ಇರುತ್ತದೆ, ಇನ್ನೊಂದು ಇರುವುದಿಲ್ಲ. ಅದಕ್ಕಾಗಿ ಇಂಥ ಆಟಗಳಿಗೆ ಕೊಂಡಿಯ ಜಾಣತನಕ್ಕಿಂತ ಹಳೆಯ ಪದ್ಧತಿಯೇ ಮೇಲೆಂದು ನಮ್ಮ ಅಭಿಪ್ರಾಯ: ಆಟ ಮುಚ್ಚಿ, ಲೋಕದ ಫೋಲ್ಡರನ್ನು ಜಿಪ್ ಮಾಡಿ, ಹೆಸರಿನಲ್ಲಿ ದಿನಾಂಕ ಸೇರಿಸಿ ಕ್ಲೌಡಿಗೆ ಏರಿಸುವುದು. ಎರಡು ನಿಮಿಷದ ಕೆಲಸ ಹೆಚ್ಚಾಗುತ್ತದೆ. ಆದರೆ ಪ್ರತಿಯೊಂದು ಜಿಪ್ ಕಡತವೂ ಹಿಂದಿನ ಮೆಮೊರಿ ಕಾರ್ಡಿನಂತೆ ತಾನಾಗಿ ಬದಲಾಗದೆ ಉಳಿಯುತ್ತದೆ.

ಕೊಂಡಿಯ ವಿಧಾನವನ್ನೇ ಅನುಸರಿಸುವವರು ಒಂದು ಅಭ್ಯಾಸ ರೂಢಿಸಿಕೊಳ್ಳಬೇಕು. ಆಟ ಮುಚ್ಚಿದ ಕೂಡಲೇ ಲ್ಯಾಪ್‌ಟಾಪಿನ ಮುಚ್ಚಳ ಹಾಕಬಾರದು. ಕ್ಲೌಡ್ ತಂತ್ರಾಂಶದ ಗುರುತು ಕೆಲಸ ಮುಗಿದಿದೆಯೆಂದು ತೋರಿಸುವವರೆಗೆ ಕಾಯಬೇಕು. ಎರಡನೆಯ ಗಣಕದಲ್ಲಿಯೂ ಹೀಗೆಯೇ, ಇಳಿಕೆ ಮುಗಿದ ಮೇಲಷ್ಟೇ ಆಟ ತೆರೆಯಬೇಕು. ತಪ್ಪಿದಲ್ಲಿ ಡ್ರಾಪ್‌ಬಾಕ್ಸ್ ‘ಸಂಘರ್ಷದ ಪ್ರತಿ’ ಎಂಬರ್ಥದ ಹೆಸರಿನಲ್ಲಿ ಎರಡನೆಯ ಕಡತವನ್ನು ಸೃಷ್ಟಿಸುತ್ತದೆ. ಆಟವು ಅದನ್ನು ಗುರುತಿಸುವುದಿಲ್ಲ, ಆದರೂ ಅದನ್ನು ಕಸವೆಂದು ಅಳಿಸಬೇಡಿ. ಬೇಕಾದ ಪ್ರಗತಿ ಅದರಲ್ಲೇ ಇರುವುದು ಅಪರೂಪವಲ್ಲ.

ಇಷ್ಟೆಲ್ಲದರ ಹಿಂದಿರುವ ತತ್ತ್ವವೊಂದಿದೆ: ಕ್ಲೌಡ್ ಸಾಗಿಸುವುದು ಕೊನೆಯ ಸ್ಥಿತಿಯನ್ನು, ಒಳ್ಳೆಯ ಸ್ಥಿತಿಯನ್ನಲ್ಲ. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಇಲ್ಲಿ ಕೆಟ್ಟರೆ ಅಲ್ಲಿಯೂ ಕೆಡುತ್ತದೆ, ಅದೂ ಕ್ಷಣಾರ್ಧದಲ್ಲಿ. ಆದುದರಿಂದ ಸಾಗಣೆಯ ವ್ಯವಸ್ಥೆಯನ್ನು ಕಾಪಿಡುವ ವ್ಯವಸ್ಥೆಯೆಂದು ಭ್ರಮಿಸಬಾರದು. ಅನಾಹುತವಾದಾಗ ಡ್ರಾಪ್‌ಬಾಕ್ಸಿನ ಉಚಿತ ಖಾತೆಯಲ್ಲಿಯೂ 30 ದಿನಗಳ ಹಿಂದಿನವರೆಗಿನ ಆವೃತ್ತಿಗಳನ್ನು ಜಾಲತಾಣದಿಂದ ಮರಳಿ ಪಡೆಯಬಹುದು. ಒನ್‌ಡ್ರೈವ್, ಗೂಗಲ್ ಡ್ರೈವ್‌ಗಳಲ್ಲಿಯೂ ಹಳೆಯ ಆವೃತ್ತಿಗಳು ದೊರೆಯುತ್ತವೆ. ಸ್ಟೀಮ್ ಕ್ಲೌಡ್ ಮಾತ್ರ ಇಂಥ ಹಳೆಯ ಆವೃತ್ತಿಗಳನ್ನು ಆಟಗಾರನಿಗೆ ಒದಗಿಸುವುದಿಲ್ಲ. ಈ ಕೊರತೆಯನ್ನು ತುಂಬಲು ಲುಡುಸಾವಿ ಎಂಬ ಉಚಿತ ಮುಕ್ತ ತಂತ್ರಾಂಶವನ್ನು ಶಿಫಾರಸು ಮಾಡುತ್ತೇವೆ. ಅದು ಪಿಸಿಗೇಮಿಂಗ್‌ವಿಕಿಯ ಮಾಹಿತಿಯನ್ನು ಆಧರಿಸಿ ಗಣಕದಲ್ಲಿರುವ ಆಟಗಳ ಸೇವ್ ಕಡತಗಳನ್ನು ತಾನೇ ಹುಡುಕಿ, ನೀವು ಹೇಳಿದ ಜಾಗದಲ್ಲಿ ಪ್ರತಿ ಮಾಡಿಡುತ್ತದೆ. ಒಂದಕ್ಕಿಂತ ಹೆಚ್ಚು ಹಳೆಯ ಪ್ರತಿಗಳನ್ನು ಉಳಿಸಿಕೊಳ್ಳುವಂತೆಯೂ ಹೊಂದಿಸಬಹುದು.

ಸೇವೆಗಳೂ ಶಾಶ್ವತವಲ್ಲ. ಗೂಗಲ್ ಸಂಸ್ಥೆಯ ಸ್ಟೇಡಿಯಾ ಆಟಸೇವೆ 2023ರ ಜನವರಿ 18ರಂದು ಮುಚ್ಚಿತು. ಅಷ್ಟರೊಳಗೆ ತಮ್ಮ ಸೇವ್ ಕಡತಗಳನ್ನು ಇಳಿಸಿಕೊಂಡವರಿಗಷ್ಟೇ ಅವು ದಕ್ಕಿದವು. ಖಾತೆಯೇ ಕೈತಪ್ಪಿದರೂ ಫಲ ಅದೇ. ಮಕ್ಕಳ ಖಾತೆಗೆ ಕೊಟ್ಟಿರುವ ಇಮೇಲ್ ವಿಳಾಸ ಶಾಲೆಯದ್ದಾಗಿದ್ದರೆ, ಶಾಲೆ ಬಿಡುವ ಮೊದಲು ಅದನ್ನು ಬದಲಿಸಿ, ಎರಡು ಹಂತದ ದೃಢೀಕರಣವನ್ನು ತಂದೆ ಅಥವಾ ತಾಯಿಯ ಫೋನಿಗೆ ಜೋಡಿಸಿ.

ಹಳೆಯ ಗಣಕವನ್ನು ಮಾರುವವರು ಅಥವಾ ಊರಿನ ಸಂಬಂಧಿಕರಿಗೆ ಕೊಡುವವರು, ಹೊಸ ಗಣಕದಲ್ಲಿ ಪ್ರತಿಯೊಂದು ಆಟವನ್ನೂ ತೆರೆದು ಸೇವ್ ಕಡತ ಓದಿಸಿ ನೋಡಿದ ನಂತರವೇ ಹಳೆಯ ಹಾರ್ಡ್ ಡಿಸ್ಕನ್ನು ಅಳಿಸಬೇಕು. ಕ್ಲೌಡಿನಲ್ಲಿ ಕಡತದ ಹೆಸರು ಕಾಣುತ್ತಿದೆ ಎಂಬಷ್ಟೇ ಸಾಲದು.