ಆರ್‌ಎಕ್ಸ್ 100ಕ್ಕೆ 135ರ ಬ್ಲಾಕ್ ಯಾಕೆ ಕೂರುತ್ತೆ?

ಇವತ್ತಿನ ಕಥೆ ನಮ್ಮಪ್ಪನ ಬೈಕಿಂದು. 1992ರ ಯಮಹಾ ಆರ್‌ಎಕ್ಸ್ 100. ಹಾಸನದ ಹತ್ತಿರದ ನಮ್ಮೂರಿನಿಂದ ಹೋದ ವರ್ಷ ಅದನ್ನ ರೈಲಿನ ಪಾರ್ಸೆಲ್‌ನಲ್ಲಿ ಪುಣೆಗೆ ತರಿಸಿಕೊಂಡೆ. ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತಿತ್ತು, ಆದ್ರೆ ಏರು ಬಂದರೆ ಉಸಿರು ಬಿಡುತ್ತಿತ್ತು. ಬಿಚ್ಚಿ ನೋಡಿದಾಗ ಪಿಸ್ಟನ್ ಸವೆದಿತ್ತು, ಬ್ಲಾಕಿನ ಒಳಗೆ ಗೀರು ಬಿದ್ದಿತ್ತು.

ನಮ್ಮ ಮೆಕ್ಯಾನಿಕ್ ಇಂಡಿ ಕಡೆಯವರು. ಕನ್ನಡದಲ್ಲೇ ಹೇಳಿದರು: "ಸರ, ರಿಪೇರಿ ಯಾಕ್ರೀ? 135ರ ಬ್ಲಾಕ್ ಹಾಕಿಬಿಡೋಣ್ರಿ. ನಾನಾ ಪೇಠದಾಗ ಹಳೇದು ಸಿಗ್ತೈತಿ. ಗಾಡಿ ಹಾರ್ತೈತಿ." ನೀವು ಚೆನ್ನೈನಲ್ಲಿದ್ದರೆ ಪುದುಪೇಟೆ, ದೆಹಲಿಯಲ್ಲಿದ್ದರೆ ಮಾಯಾಪುರಿ, ಊರಿಗೆ ಹೋದಾಗ ಬೆಂಗಳೂರಿನ ಜೆಸಿ ರೋಡ್. ಆರ್‌ಎಕ್ಸ್ ಇಟ್ಟುಕೊಂಡವರಿಗೆಲ್ಲ ಈ ಸಲಹೆ ಒಂದಲ್ಲ ಒಂದು ಸಲ ಸಿಕ್ಕೇ ಇರುತ್ತೆ. ಆದ್ರೆ ನನಗೆ ಹುಳ ಬಿಟ್ಟ ಹಾಗಾಯಿತು. ಬೇರೆ ಮಾಡೆಲ್ಲು, ಹತ್ತು ವರ್ಷ ಆಮೇಲಿನ ಗಾಡಿ. ಅದರ ಬ್ಲಾಕ್ ಇದಕ್ಕೆ ಹೇಗೆ ಕೂರುತ್ತೆ?

ಉತ್ತರ ಎರಡು ಅಳತೆಗಳಲ್ಲಿದೆ. ಆರ್‌ಎಕ್ಸ್ 100ರ ಬೋರ್ 50 ಮಿಮೀ, ಸ್ಟ್ರೋಕ್ 50 ಮಿಮೀ. ಗುಣಿಸಿದರೆ 98 ಸಿಸಿ. ಆರ್‌ಎಕ್ಸ್ 135ರ ಬೋರ್ 58 ಮಿಮೀ, ಸ್ಟ್ರೋಕ್ ಮಾತ್ರ ಅದೇ 50. ಅಲ್ಲಿಗೆ 132 ಸಿಸಿ. ಅಂದ್ರೆ ಪಿಸ್ಟನ್ ಓಡಾಡುವ ದೂರ ಎರಡರಲ್ಲೂ ಒಂದೇ, ಪಿಸ್ಟನ್ನಿನ ಅಗಲ ಮಾತ್ರ ಬೇರೆ. ಒಂದೇ ಅಡಿಪಾಯದ ಮೇಲೆ ಕಟ್ಟಿದ ಎರಡು ಮನೆ ಇದ್ದ ಹಾಗೆ.

ಹಾಗಾದ್ರೆ ನಮಗೆ ಮೊದಲು ಚಿಕ್ಕ ಮನೆಯೇ ಯಾಕೆ ಸಿಕ್ಕಿತು? ಇಲ್ಲಿ ಇತಿಹಾಸ ಬರುತ್ತೆ. 1980ರ ದಶಕದ ಶುರುವಿನಲ್ಲಿ ಕೇಂದ್ರ ಸರ್ಕಾರ ದ್ವಿಚಕ್ರ ವಾಹನಗಳಿಗೆ ವಿದೇಶಿ ಸಹಭಾಗಿತ್ವದ ಬಾಗಿಲು ತೆರೆಯಿತು, ಆದ್ರೆ 100 ಸಿಸಿ ತನಕದ ಗಾಡಿಗಳಿಗೆ. ಅದಾದ ಮೇಲೆ ಸಾಲಾಗಿ ಏನೇನು ಬಂತು ನೋಡಿ. ಹೊಸೂರಿನಲ್ಲಿ ಟಿವಿಎಸ್‌ನವರ ಇಂಡ್-ಸುಜುಕಿ, 100 ಸಿಸಿ. ಹೀರೋ ಹೋಂಡಾ ಸಿಡಿ 100. ಬಜಾಜ್‌ನವರ ಕವಾಸಕಿ ಕೆಬಿ 100. 1985ರ ಕೊನೆಯಲ್ಲಿ ಎಸ್ಕಾರ್ಟ್ಸ್ ಕಂಪನಿಯ ಯಮಹಾ ಆರ್‌ಎಕ್ಸ್ 100. ನಾಲ್ಕೂ ಜಪಾನಿ ತಂತ್ರಜ್ಞಾನ, ನಾಲ್ಕೂ ನೂರು. ಇದೇ ಎಸ್ಕಾರ್ಟ್ಸ್ ಯಮಹಾ ಎಂಜಿನ್ನಿನ ರಾಜ್‌ದೂತ್ 350 ಮಾಡಿತ್ತು ನಿಜ. ಅದು ಪೆಟ್ರೋಲ್ ಕುಡಿಯುತ್ತಿದ್ದ ರೀತಿಗೆ ಸಂಬಳದವರು ಹತ್ತಿರ ಹೋಗುತ್ತಿರಲಿಲ್ಲ.

ಅತ್ತ ಇಂಡೋನೇಷ್ಯಾದಲ್ಲಿ 1980ರ ದಶಕದಲ್ಲೇ ಆರ್‌ಎಕ್ಸ್ ಕಿಂಗ್ ಅಂತ ಓಡುತ್ತಿತ್ತು. ಬೋರ್ 58, ಸ್ಟ್ರೋಕ್ 50. ಅದೇ 132 ಸಿಸಿ! ನಮ್ಮ "ನೂರು" ಎಂಜಿನಿಯರ್ ಒಬ್ಬನೇ ತೀರ್ಮಾನಿಸಿದ ಸಂಖ್ಯೆ ಅಲ್ಲ ಅಂತ ನಾನು ಹೇಳೋದು ಇದಕ್ಕೇ. ಅದರಲ್ಲಿ ದೆಹಲಿಯ ಕಡತದ ಪಾಲೂ ಇದೆ. ಆ ನೂರರಲ್ಲೇ ಯಮಹಾ 11 ಹಾರ್ಸ್‌ಪವರ್ ತೆಗೆದು, ನೂರು ಕೆಜಿ ಆಸುಪಾಸಿನ ಗಾಡಿಗೆ ಕೊಟ್ಟಿತು. ಜನ ಹುಚ್ಚಾದದ್ದು ಅದಕ್ಕೆ.

ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆ ಹೊರಗೆ ಹೋಗುವ ಹೊತ್ತಿನಲ್ಲೇ ಹೊಸ ಪೆಟ್ರೋಲ್ ಒಳಗೆ ಬರುತ್ತೆ. ಅದರಲ್ಲೊಂದು ಪಾಲು ಉರಿಯದೆ ಸೈಲೆನ್ಸರ್ ಮೂಲಕ ಆಚೆ ಹೋಗಿಬಿಡುತ್ತೆ. 1996ರಲ್ಲಿ ಹೊಗೆ ನಿಯಮ ಬಿಗಿಯಾಯಿತು, ಆರ್‌ಎಕ್ಸ್ 100 ನಿಂತಿತು. ಆಮೇಲೆ 135 ಬಂತು. ತಮ್ಮನ ಬ್ಲಾಕ್ ಅಣ್ಣನಿಗೆ ಕೂರುತ್ತೆ ಅಂತ ಗುಜರಿ ಅಂಗಡಿಯವರು ಕಂಡುಕೊಂಡರು.

ಕೂರುತ್ತೆ ಅಂದ್ರೆ ಸುಮ್ಮನೆ ಕೂರಲ್ಲ. 135ರ ಸ್ಲೀವ್ ದಪ್ಪ. ಕ್ರ್ಯಾಂಕ್‌ಕೇಸಿನ ಬಾಯಿಯನ್ನ ಲೇತ್‌ನಲ್ಲಿ ಕೊರೆದು ಅಗಲ ಮಾಡಬೇಕು. ಪಿಸ್ಟನ್, ಹೆಡ್ ಬದಲಾಗಬೇಕು, ಕಾರ್ಬುರೇಟರ್ ಜೆಟ್ ಹೊಂದಿಸಬೇಕು. ಪಿಸ್ಟನ್ನಿನ ಮೇಲ್ಮೈ ಸುಮಾರು 35% ಹೆಚ್ಚಾಗೋದರಿಂದ ಕನೆಕ್ಟಿಂಗ್ ರಾಡ್, ಬೇರಿಂಗ್ ಮೇಲೆ ಒತ್ತಡವೂ ಹೆಚ್ಚು. ಹಳೇ ಬ್ರೇಕು ಮಾತ್ರ ಹಳೇದೇ.

ನಾನೂ ಆಸೆಗೆ ಬಿದ್ದು ಒಂದು ಬ್ಲಾಕ್ ತಂದೆ. ಹೊರಗೆ ಹೊಸ ಪೇಂಟು, ಫಳಫಳ. ಒಳಗಿನ ಪಿಸ್ಟನ್ನಿನ ತಲೆ ಒರೆಸಿ ನೋಡಿದರೆ 1.00 ಅಂತ ಅಚ್ಚು. ಬೋರ್ ಸವೆದಾಗ ಕಾಲು ಕಾಲು ಮಿಮೀ ಕೊರೆದು ಓವರ್‌ಸೈಜ್ ಪಿಸ್ಟನ್ ಹಾಕ್ತಾರೆ: 0.25, 0.50, 0.75, 1.00. ಈ ಬ್ಲಾಕ್ ಕೊನೇ ಮೆಟ್ಟಿಲಲ್ಲಿತ್ತು. ನಿಮಗೂ ಇದೇ ಬುದ್ಧಿಮಾತು: ಹಳೇ ಬ್ಲಾಕ್ ಕೊಳ್ಳುವಾಗ ಪೇಂಟ್ ನೋಡಬೇಡಿ, ಪಿಸ್ಟನ್ ಮೇಲಿನ ಅಂಕಿ ನೋಡಿ, ಬೋರ್ ಅಳತೆ ಮಾಡಿಸಿ.

ಇನ್ನೊಂದು ಬ್ಲಾಕ್ ಹುಡುಕೋಣ ಅಂತಿದ್ದೆ. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅವರು ಬೈಯಲಿಲ್ಲ. "ಆರ್‌ಸಿ ಇನ್ನೂ ನನ್ನ ಹೆಸರಲ್ಲೇ ಇದೆ ಕಣೋ" ಅಂದ್ರು, ಅಷ್ಟೇ.

ಆಗ ಕಾನೂನು ತೆಗೆದು ಓದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಆರ್‌ಸಿಯಲ್ಲಿರುವ ವಿವರ ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ಆರ್‌ಸಿ 98 ಸಿಸಿ ಅನ್ನುತ್ತೆ, ಎಂಜಿನ್ 132 ಇರುತ್ತೆ. ನಾಳೆ ಪುಣೆಯ ರಸ್ತೆಯಲ್ಲಿ ಯಾರಿಗಾದರೂ ಗುದ್ದಿದರೆ ಇನ್ಶೂರೆನ್ಸ್‌ನವರು ಕೇಳೋದು ಹಾಸನದಲ್ಲಿ ಕೂತಿರುವ ಎಪ್ಪತ್ತು ದಾಟಿದ ನಮ್ಮಪ್ಪನನ್ನ. ಬ್ಲಾಕ್ ಕೂರುತ್ತೆ, ಕಾಗದ ಕೂರಲ್ಲ. ಅದೂ ಅಲ್ಲದೆ ಕೊರೀಬೇಕಾಗಿದ್ದ ಆ ಕ್ರ್ಯಾಂಕ್‌ಕೇಸಿನ ಮೇಲೇ ಎಂಜಿನ್ ನಂಬರ್ ಇದೆ. ಒಮ್ಮೆ ಕೊರೆದ ಲೋಹ ವಾಪಸ್ ಬರಲ್ಲ.

ಕೊನೆಗೆ ಅಪ್ಪನ ಹಳೇ ಬ್ಲಾಕನ್ನೇ ಅರ್ಧ ಮಿಮೀ ಕೊರೆಸಿ 0.50 ಪಿಸ್ಟನ್ ಹಾಕಿಸಿದೆ. ಇದು ಮಾಮೂಲಿ ರಿಪೇರಿ. ಮನೆಗೆ ಬಂದು ಲೆಕ್ಕ ಹಾಕಿದೆ: ಬೋರ್ 50.5, ಸ್ಟ್ರೋಕ್ 50. ಬಂದದ್ದು 100.1 ಸಿಸಿ. ಮೂವತ್ತು ವರ್ಷ ನೂರು ಅಂತ ಹೆಸರಿಟ್ಟುಕೊಂಡು 98ರಲ್ಲೇ ಓಡಿದ ಗಾಡಿ ಈಗ ನಿಜವಾಗಿ ನೂರಾಗಿದೆ. ಅಪ್ಪನಿಗೆ ಹೇಳಿದೆ. "ಏರಲ್ಲಿ ಎಳೆಯುತ್ತಾ?" ಅಂತ ಕೇಳಿದ್ರು. ಎಳೆಯುತ್ತೆ ಅಂದೆ.