ದಾವಣಗೆರೆ ಎಕ್ಸ್‌ಪ್ರೆಸ್: ಆ 102 ರನ್ ಆದ್ಮೇಲೆ ಏನಾಯ್ತು?

ಹರಿಹರದಿಂದ ದಿನಾ ರೈಲು ಹಿಡ್ಕೊಂಡು ದಾವಣಗೆರೆಗೆ ಕಾಲೇಜಿಗೆ ಬರೋ ಗೆಳೆಯರೇ, ನಮ್ಮ ಕ್ಲಾಸ್ ಗ್ರೂಪಲ್ಲಿ ಓಡಾಡಿದ ಆ ಮೀಮ್ ನೆನಪಿದೆಯಲ್ಲ? "9 ಓವರ್, 102 ರನ್". ನಾನೂ ನಕ್ಕಿದ್ದೆ, ಫಾರ್ವರ್ಡೂ ಮಾಡಿದ್ದೆ. ಆಮೇಲೆ ಕೂತು ಪೂರ್ತಿ ಲೆಕ್ಕ ನೋಡಿದಾಗ ನಾಚಿಕೆ ಆಯ್ತು. ಅದಕ್ಕೇ ಈ ಪೋಸ್ಟ್.

ಆರ್. ವಿನಯ್ ಕುಮಾರ್ ಹುಟ್ಟಿದ್ದು ದಾವಣಗೆರೆಯಲ್ಲಿ, 1984ರಲ್ಲಿ. ಆಗ ನಮ್ಮದು ಜಿಲ್ಲೆನೇ ಅಲ್ಲ! ದಾವಣಗೆರೆ, ಹರಿಹರ ಎರಡೂ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕುಗಳು. ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಅಂಥ ಊರಿನ ಹುಡುಗ 2004-05ರಲ್ಲಿ ಕರ್ನಾಟಕ ರಣಜಿ ತಂಡ ಸೇರಿದ. 'ದಾವಣಗೆರೆ ಎಕ್ಸ್‌ಪ್ರೆಸ್' ಅನ್ನೋ ಹೆಸರು ಬಿತ್ತು. ನಿಜ ಹೇಳಬೇಕಂದ್ರೆ ಸ್ಪೀಡು ಎಕ್ಸ್‌ಪ್ರೆಸ್‌ದಲ್ಲ. ಔಟ್‌ಸ್ವಿಂಗು, ಲೆಗ್ ಕಟರು, ಇಡೀ ದಿನ ಒಂದೇ ಜಾಗಕ್ಕೆ ಬಾಲ್ ಹಾಕೋ ತಾಳ್ಮೆ, ಇಷ್ಟೇ ಬಂಡವಾಳ.

ಭಾರತಕ್ಕೆ ಆಡಿದ್ದು 31 ಏಕದಿನ, 9 ಟಿ20, ಒಂದೇ ಒಂದು ಟೆಸ್ಟ್. ಆ ಟೆಸ್ಟ್ 2012ರ ಜನವರಿಯಲ್ಲಿ, ಪರ್ತ್‌ನಲ್ಲಿ. ವಾರ್ನರ್ 69 ಬಾಲಿಗೆ ಸೆಂಚುರಿ ಹೊಡೆದ ಪಂದ್ಯ. ವಿನಯ್‌ಗೆ ಸಿಕ್ಕಿದ್ದು ಮೈಕ್ ಹಸ್ಸಿಯ ವಿಕೆಟ್ ಮಾತ್ರ.

ಈಗ ಮೀಮ್ ದಿನಕ್ಕೆ ಬರೋಣ. 2013ರ ನವೆಂಬರ್ 2, ಚಿನ್ನಸ್ವಾಮಿ ಸ್ಟೇಡಿಯಂ, ಆಸ್ಟ್ರೇಲಿಯಾ ಎದುರು. ರೋಹಿತ್ ಶರ್ಮಾ 209 ಹೊಡೆದ ಪಂದ್ಯ ಅದೇ. ಫಾಕ್ನರ್, ಮ್ಯಾಕ್ಸ್‌ವೆಲ್ ತಿರುಗಿ ಬಾರಿಸಿದರು. ಪಂದ್ಯ ಗೆದ್ದಿದ್ದು ಭಾರತವೇ, ಸರಣಿಯೂ ನಮ್ಮದೇ. ಆದ್ರೆ ವಿನಯ್ ಮತ್ತೆ ಭಾರತಕ್ಕೆ ಆಡಲಿಲ್ಲ. ಸ್ವಂತ ರಾಜ್ಯದ ಮೈದಾನದಲ್ಲೇ ಹೀಗಾಯ್ತಲ್ಲ!

ಮೀಮ್ ಇಲ್ಲಿಗೆ ಮುಗಿಯುತ್ತೆ. ಕಥೆ ಮುಗಿಯಲ್ಲ.

ಸರಿಯಾಗಿ ಮೂರು ತಿಂಗಳಾದ ಮೇಲೆ, 2014ರ ಫೆಬ್ರವರಿ 2ರಂದು, ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನ ಸೋಲಿಸಿ ಕರ್ನಾಟಕ ರಣಜಿ ಟ್ರೋಫಿ ಎತ್ತಿತು. 1998-99ರ ನಂತರ ಮೊದಲ ಸಲ. ಕ್ಯಾಪ್ಟನ್ ಯಾರು? ಇವರೇ. ಅದೇ ಸೀಸನ್ನಲ್ಲಿ ಇರಾನಿ ಕಪ್, ವಿಜಯ್ ಹಜಾರೆ ಟ್ರೋಫಿ ಕೂಡ ಬಂತು. ಮುಂದಿನ ಸೀಸನ್ನಲ್ಲೂ ಮೂರಕ್ಕೆ ಮೂರೂ! 2015ರ ಮಾರ್ಚ್‌ನಲ್ಲಿ ವಾಂಖೆಡೆಯ ಫೈನಲ್ ನೋಡ್ರಿ: ತಮಿಳುನಾಡು 134ಕ್ಕೆ ಆಲೌಟ್, ವಿನಯ್ 34 ರನ್ನಿಗೆ 5 ವಿಕೆಟ್. ಎಲ್ಲರಿಗೂ ಕರುಣ್ ನಾಯರ್ ಹೊಡೆದ 328 ನೆನಪಿದೆ, ಇರಲಿ, ಇರಬೇಕಾದ್ದೇ. ಆದ್ರೆ ಅದೇ ಇನಿಂಗ್ಸಲ್ಲಿ ಕೊನೆಗೆ ಬಂದ ಕ್ಯಾಪ್ಟನ್ ಔಟಾಗದೆ 105 ಹೊಡೆದಿದ್ದ.

2018ರ ಐಪಿಎಲ್‌ನಲ್ಲಿ ಚೆನ್ನೈ ಎದುರು ಕೊನೇ ಓವರಲ್ಲಿ ರನ್ ಹೋದಾಗ ಮತ್ತೆ ಟ್ರೋಲ್ ಶುರು. ಅದಕ್ಕೆ ನಾಲ್ಕೇ ತಿಂಗಳ ಹಿಂದೆ ನಾಗಪುರದ ಕ್ವಾರ್ಟರ್ ಫೈನಲಲ್ಲಿ ಮುಂಬೈ ಎದುರು ಹ್ಯಾಟ್ರಿಕ್ ತೆಗೆದಿದ್ದರು, ಮೊದಲನೆಯ ಬಲಿ ಪೃಥ್ವಿ ಶಾ. ಅದರ ಮೀಮ್ ನಾನಂತೂ ನೋಡಿಲ್ಲ.

ಫುಟ್ಬಾಲ್ ನೋಡೋರಿಗೆ ಒಂದು ಮಾತು. ಅಲೆಕ್ಸ್ ಫರ್ಗ್ಯುಸನ್ ಅಂದ್ರೆ ನಿಮಗೆ ಮ್ಯಾಂಚೆಸ್ಟರ್ ಯುನೈಟೆಡ್ ಮ್ಯಾನೇಜರ್. ಅದಕ್ಕೂ ಮೊದಲು ಅವರು ಸ್ಕಾಟ್ಲೆಂಡಿನ ರೇಂಜರ್ಸ್ ತಂಡದ ಸ್ಟ್ರೈಕರ್. 1969ರ ಸ್ಕಾಟಿಷ್ ಕಪ್ ಫೈನಲಲ್ಲಿ ಅವರು ಕಾಯಬೇಕಿದ್ದ ಆಟಗಾರನೇ ಗೋಲು ಹೊಡೆದ, ಸೆಲ್ಟಿಕ್ 4-0ಯಿಂದ ಗೆದ್ದಿತು. ತಪ್ಪು ಇವರ ತಲೆಗೆ ಬಂತು, ಅದೇ ವರ್ಷ ರೇಂಜರ್ಸ್ ಬಿಟ್ಟರು. ಆ ಒಂದು ದಿನದ ಮೇಲೆ ಅವರನ್ನ ಅಳೆದಿದ್ರೆ?

ವಿನಯ್ 2021ರ ಫೆಬ್ರವರಿಯಲ್ಲಿ ನಿವೃತ್ತರಾದರು, ಪ್ರಥಮ ದರ್ಜೆಯಲ್ಲಿ 504 ವಿಕೆಟ್ ಜೊತೆ. ಅದೇ ವರ್ಷ ಮುಂಬೈ ಇಂಡಿಯನ್ಸ್ ಅವರನ್ನ ಪ್ರತಿಭೆ ಹುಡುಕೋ ಸ್ಕೌಟ್ ಆಗಿ ಕರೆದುಕೊಂಡಿತು. ಆಮೇಲೆ ಎಂಐ ಎಮಿರೇಟ್ಸ್‌ಗೆ ಬೌಲಿಂಗ್ ಕೋಚ್. 2024ರಲ್ಲಿ ಭಾರತ ತಂಡದ ಬೌಲಿಂಗ್ ಕೋಚ್ ಹುದ್ದೆಗೂ ಹೆಸರು ಕೇಳಿಬಂತು, ಕೊನೆಗೆ ಸಿಕ್ಕಿದ್ದು ಮಾರ್ನೆ ಮಾರ್ಕೆಲ್‌ಗೆ.

ಸ್ಕೌಟ್ ಕೆಲಸ ಟಿವಿಯಲ್ಲಿ ಕಾಣಲ್ಲ. ಖಾಲಿ ಸ್ಟೇಡಿಯಂಗಳಲ್ಲಿ ಕೂತು, ಹೆಸರೇ ಗೊತ್ತಿಲ್ಲದ ಹುಡುಗ ಪೆಟ್ಟು ತಿಂದ ಮೇಲೆ ಮುಂದಿನ ಓವರ್ ಹೆಂಗೆ ಹಾಕ್ತಾನೆ ಅಂತ ನೋಡಬೇಕು. ಅದನ್ನ ಇವರಿಗಿಂತ ಚೆನ್ನಾಗಿ ಯಾರು ಬಲ್ಲರು, ನೀವೇ ಹೇಳ್ರಿ.

ನಿಮ್ಮ ಅಪ್ಪ, ಚಿಕ್ಕಪ್ಪ, ಮಾವ ಯಾರಾದ್ರೂ ನಮ್ಮೂರ ಮೈದಾನದಲ್ಲಿ ಅವರ ಬಾಲ್ ಎದುರಿಸಿದ್ರಾ? ಹಳೇ ಫೋಟೋ ಇದ್ರೆ ಡಿಎಂ ಮಾಡ್ರಿ. ಹರಿಹರದವರು ಮೊದಲು!

#ದಾವಣಗೆರೆ #ಹರಿಹರ #ನಮ್ಮೂರಇತಿಹಾಸ