ಮಾಲೀಕರಿಲ್ಲದ ಜಾಲಗಳಲ್ಲಿ ಬಹಿಷ್ಕಾರದ ಕತೆ

ಯೂಸ್‌ನೆಟ್‌ಗೆ ಕಚೇರಿ ಇರಲಿಲ್ಲ, ಮಾಲೀಕರೂ ಇರಲಿಲ್ಲ. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಯೋಚಿಸಿದ ಈ ಜಾಲದಲ್ಲಿ ಒಂದು ಕಂಪ್ಯೂಟರ್ ಮತ್ತೊಂದಕ್ಕೆ ಫೋನ್ ಹಚ್ಚಿ ಚರ್ಚೆಗಳನ್ನು ದಾಟಿಸುತ್ತಿತ್ತು. ಆದರೂ ಯಜಮಾನಿಕೆ ಹುಟ್ಟದೆ ಬಿಡಲಿಲ್ಲ. ಫೋನ್ ಬಿಲ್ ಕಟ್ಟುತ್ತಿದ್ದ ದೊಡ್ಡ ಕೇಂದ್ರಗಳ ನಿರ್ವಾಹಕರ ಮಾತೇ ನಡೆಯುತ್ತಿತ್ತು. 1987ರಲ್ಲಿ ಅವರು ಚರ್ಚಾಗುಂಪುಗಳಿಗೆಲ್ಲ ಹೊಸ ಹೆಸರಿಟ್ಟು ವಿಂಗಡಿಸಿದರು. ಒಪ್ಪದವರು ಅದೇ ವರ್ಷ ‘ಆಲ್ಟ್’ ಎಂಬ ಬೇರೆ ಶಾಖೆ ತೆರೆದರು. ಜಗಳವಾದರೆ ಬೇರೆ ಒಲೆ ಹೂಡುವುದು ಈ ಲೋಕದ ಹಳೇ ಚಾಳಿ.

ಬೆಳವಣಿಗೆಯ ಪೆಟ್ಟು ಬಿದ್ದದ್ದು ತೊಂಬತ್ತರ ದಶಕದಲ್ಲಿ. ಮೊದಲೆಲ್ಲ ಪ್ರತಿ ಸೆಪ್ಟೆಂಬರ್‌ನಲ್ಲಿ ಹೊಸ ವಿದ್ಯಾರ್ಥಿಗಳು ಬಂದು ಗದ್ದಲವೆಬ್ಬಿಸಿ, ಕ್ರಮೇಣ ರೀತಿನೀತಿ ಕಲಿಯುತ್ತಿದ್ದರು. ಎಒಎಲ್‌ನಂಥ ಇಂಟರ್ನೆಟ್ ಸಂಪರ್ಕ ಕಂಪನಿಗಳ ಗ್ರಾಹಕರು ಬಂದ ಮೇಲೆ ಆ ಹರಿವು ನಿಲ್ಲಲೇ ಇಲ್ಲ. 1993ರ ಸೆಪ್ಟೆಂಬರ್ ಇನ್ನೂ ಮುಗಿದಿಲ್ಲ ಎಂದು ಹಳಬರು ಈಗಲೂ ಗೊಣಗುತ್ತಾರೆ. 1994ರ ಏಪ್ರಿಲ್‌ನಲ್ಲಿ ಅರಿಜೋನಾದ ವಕೀಲ ದಂಪತಿ ಕ್ಯಾಂಟರ್ ಮತ್ತು ಸೀಗಲ್ ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಸಾವಿರಾರು ಗುಂಪುಗಳಿಗೆ ಸುರಿದರು. ಅದನ್ನು ಅಳಿಸುವ ಅಧಿಕಾರ ಯಾರದು? ‘ಕ್ಯಾನ್ಸೆಲ್‌ಮೂಸ್’ ಎಂಬ ಹೆಸರಿನ ಅನಾಮಿಕರೊಬ್ಬರು ಸ್ಪ್ಯಾಮ್ ರದ್ದುಮಾಡುವ ಸಂದೇಶಗಳನ್ನು ತಾವಾಗಿಯೇ ಕಳಿಸತೊಡಗಿದರು. ಇವತ್ತು ಜಾಹೀರಾತು ಅಳಿಸಿದ ಕೈ ನಾಳೆ ಅಭಿಪ್ರಾಯವನ್ನೂ ಅಳಿಸಬಹುದಲ್ಲವೇ ಎಂಬ ಶಂಕೆ ಇದ್ದೇ ಇತ್ತು. ಕೊನೆಗೆ ಉಳಿದ ದೊಡ್ಡ ಅಸ್ತ್ರ ಬಹಿಷ್ಕಾರ. ಸ್ಪ್ಯಾಮ್ ತಡೆಯದ ಕಂಪನಿಯಿಂದ ಬರುವ ಸಂದೇಶಗಳನ್ನೆಲ್ಲ ಎಸೆದುಬಿಡುವುದು. ಅದಕ್ಕೆ ‘ಯೂಸ್‌ನೆಟ್ ಮರಣದಂಡನೆ’ ಎಂದೇ ಹೆಸರು. 1997ರಲ್ಲಿ ಯುಯುನೆಟ್ ಎಂಬ ದೊಡ್ಡ ಕಂಪನಿಗೂ ಅದು ಬಿತ್ತು. ತಪ್ಪು ಮಾಡದ ಗ್ರಾಹಕರೂ ಅದರಲ್ಲಿ ಸಿಕ್ಕಿಕೊಂಡರು.

ನನ್ನ ಮಟ್ಟಿಗೆ, ಮುಂದಿನದೆಲ್ಲ ಅಳಿಸುವ, ಹೊರಹಾಕುವ ಅಧಿಕಾರ ಯಾರದೆಂಬ ಇದೇ ವ್ಯಾಜ್ಯದ ಮುಂದುವರಿಕೆ.

ಜರ್ಮನಿಯ ಯೂಜೆನ್ ರೊಚ್ಕೊ 2016ರಲ್ಲಿ ಹೊರತಂದ, ಟ್ವಿಟರ್ ಮಾದರಿಯ ಮಾಸ್ಟಡಾನ್‌ನಲ್ಲಿ ಯಾರು ಬೇಕಾದರೂ ಸರ್ವರ್ ನಡೆಸಬಹುದು, ಆ ಸರ್ವರ್‌ಗಳು ಒಂದಕ್ಕೊಂದು ನಂಟಿಟ್ಟುಕೊಂಡು ಸಂದೇಶ ದಾಟಿಸುತ್ತವೆ. 2019ರಲ್ಲಿ ಬಲಪಂಥೀಯ ಉಗ್ರರ ತಾಣವೆನಿಸಿದ್ದ ಗ್ಯಾಬ್ ಇದೇ ತಂತ್ರಾಂಶವನ್ನು ಬಳಸಿಕೊಂಡಾಗ ರೊಚ್ಕೊಗೆ ತಡೆಯಲಾಗಲಿಲ್ಲ. ಅದು ಯಾರು ಬೇಕಾದರೂ ಬಳಸಬಹುದಾದ ಮುಕ್ತ ತಂತ್ರಾಂಶ. ಸರ್ವರ್‌ಗಳು ಒಂದೊಂದಾಗಿ ಗ್ಯಾಬ್‌ನ ನಂಟು ಕಡಿದುಕೊಂಡವು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ವಕೀಲ ಸಂಜಯ್ ಹೆಗ್ಡೆಯವರ ಟ್ವಿಟರ್ ಖಾತೆ ಅಮಾನತಾಯಿತು. ಆಕ್ಷೇಪಕ್ಕೆ ಗುರಿಯಾದದ್ದು ನಾಜಿ ಸೆಲ್ಯೂಟ್ ಹೊಡೆಯದೆ ಕೈಕಟ್ಟಿ ನಿಂತವನ ಚಿತ್ರ! ಸಿಟ್ಟಿಗೆದ್ದ ಭಾರತೀಯರು ಹಿಂಡಾಗಿ ಮಾಸ್ಟಡಾನ್‌ಗೆ ಬಂದರು. 2022ರ ಅಕ್ಟೋಬರ್‌ನಲ್ಲಿ ಇಲಾನ್ ಮಸ್ಕ್ ಟ್ವಿಟರ್ ಕೊಂಡ ಮೇಲಂತೂ ಮಾಸ್ಟಡಾನ್‌ನ ತಿಂಗಳ ಬಳಕೆದಾರರು ಸುಮಾರು 3 ಲಕ್ಷದಿಂದ 25 ಲಕ್ಷಕ್ಕೆ ಏರಿದರು. ಅಲ್ಲಿ ದೂರು ವಿಚಾರಿಸುವವರು ಮಾತ್ರ ಬಹುಪಾಲು ಸಂಬಳವಿಲ್ಲದ ಸ್ವಯಂಸೇವಕರೇ.

ಹೀಗೆ ಸ್ವಯಂಸೇವಕರನ್ನೇ ನೆಚ್ಚಿಕೊಂಡದ್ದರ ಫಲ ಸ್ಪಷ್ಟವಾಗಿ ಕಂಡದ್ದು ಲೆಮ್ಮಿಯಲ್ಲಿ. ಅದು ರೆಡಿಟ್ ಮಾದರಿಯ ಚರ್ಚಾತಾಣ, ಮಾಸ್ಟಡಾನ್‌ನಂತೆಯೇ ನಂಟಿರುವ ಹಲವು ಸರ್ವರ್‌ಗಳದ್ದು. 2023ರ ಜೂನ್‌ನಲ್ಲಿ ರೆಡಿಟ್ ಹೊರಗಿನ ಆ್ಯಪ್‌ಗಳಿಗೆ ದುಬಾರಿ ಶುಲ್ಕ ಹೇರಲು ಹೊರಟಾಗ ಜನ ಅಲ್ಲಿಂದ ಇಲ್ಲಿಗೆ ನುಗ್ಗಿದರು. ಲೆಮ್ಮಿಯ ಬೀಹಾ ಎಂಬ ಸರ್ವರ್ ಸೇರಬೇಕಾದರೆ ಯಾಕೆ ಸೇರುತ್ತೀರೆಂದು ಅರ್ಜಿ ಬರೆಯಬೇಕು. ಲೆಮ್ಮಿ ವರ್ಲ್ಡ್‌ನಂಥ ಬೇರೆ ಸರ್ವರ್‌ಗಳಲ್ಲಿ ಅಂಥ ತಡೆ ಇರಲಿಲ್ಲ, ಆದರೆ ಅಲ್ಲಿ ಖಾತೆ ತೆರೆದವರು ಬೀಹಾದ ಚರ್ಚೆಗೂ ಬರಬಹುದಿತ್ತು. ಅಲ್ಲಿಂದ ಬರುವ ಪುಂಡರ ಕಾಟ ತಾಳಲಾರದೆ ಬೀಹಾದ ಬೆರಳೆಣಿಕೆಯ ನಿರ್ವಾಹಕರು ಅಂಥ ಎರಡು ದೊಡ್ಡ ಸರ್ವರ್‌ಗಳ ನಂಟನ್ನೇ ಕಡಿದರು. ಇದ್ದ ಸಲಕರಣೆಯೇ ಅಷ್ಟು ಒರಟು. ಅಲ್ಲಿನ ಸಭ್ಯರು ಮಾಡಿದ ತಪ್ಪೇನು ಎಂಬ ಕೂಗೆದ್ದಿತು. ನ್ಯಾಯವಾದ ಕೂಗೇ. ಆದರೆ ಕಡಿಯದೆ ಬೇರೆ ಏನು ಮಾಡಬಹುದಿತ್ತೆಂದು ನನಗೂ ತೋಚುವುದಿಲ್ಲ.

ಟ್ವಿಟರ್ ಮಾದರಿಯ ಇನ್ನೊಂದು ಜಾಲ ಬ್ಲೂಸ್ಕೈ 2024ರಲ್ಲಿ ಇನ್ನೊಂದು ದಾರಿ ಹಿಡಿಯಿತು. ಪೋಸ್ಟ್‌ಗಳಿಗೆ ಲೇಬಲ್ ಹಚ್ಚುವ ಸೇವೆಯನ್ನು ಯಾರಾದರೂ ನಡೆಸಬಹುದು, ಯಾವುದನ್ನು ನಂಬಬೇಕೆಂದು ಓದುಗರೇ ಆರಿಸಬಹುದು. ಜಾಣ ಏರ್ಪಾಡು. ಆದರೆ ಲೇಬಲ್ ಹಚ್ಚಲೂ ಯಾರಾದರೂ ಕೂತು ಹೊಲಸನ್ನೆಲ್ಲ ಓದಲೇಬೇಕು. ಮಾಸ್ಟಡಾನ್, ಲೆಮ್ಮಿಯಂಥ ಜಾಲದ ಸರ್ವರ್ ಒಂದರಲ್ಲಿ ನೀವಿದ್ದರೆ, ಅದನ್ನು ನಡೆಸುವವರ ಖರ್ಚಿಗೆ ಕೈಲಾದಷ್ಟು ಕಳಿಸಿ. ಬಿಡುವಿದ್ದರೆ ದೂರುಗಳ ವಿಲೇವಾರಿಗೆ ಒಂದು ಕೈ ಕೊಡಿ.